ಪೈಪೋಟಿಯ ಕಂಪನಿಗಳು ಸೇರಿ ಒಂದೇ ಓಎಸ್ (ಫೋನ್ ನಡೆಸುವ ಮೂಲ ತಂತ್ರಾಂಶ) ಮಾಡಿ ಪುಕ್ಕಟೆ ಕೊಡುವುದು ಯಾಕೆ? ನಮಗೇನು ಲಾಭ?

ಚಿಕ್ಕಮಗಳೂರಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ನಡೆಸುವವನು ನಾನು. ನಿಮ್ಮ ಎರಡನೇ ಪ್ರಶ್ನೆಯನ್ನೇ ಮೊದಲು ಹಿಡಿಯುತ್ತೇನೆ.

ಅಂಗಡಿ ತೆರೆದ ಹೊಸತರಲ್ಲಿ ಕಾಫಿ ತೋಟದ ರೈಟರ್ ಒಬ್ಬರು ಫೋನ್ ತಂದರು. ಮಗಳು ಕಳಿಸಿದ ಕನ್ನಡ ಮೆಸೇಜ್ ಕಾಣುತ್ತಿಲ್ಲ, ಡಿಸ್‌ಪ್ಲೇ ಹೋಗಿದೆಯಾ ನೋಡಿ ಅಂದರು. ಡಿಸ್‌ಪ್ಲೇ ಚೆನ್ನಾಗಿಯೇ ಇತ್ತು. ಆಂಡ್ರಾಯ್ಡ್ 2.3 ಫೋನ್ ಅದು, ಅಕ್ಷರದ ಜಾಗದಲ್ಲೆಲ್ಲ ಬರೀ ಚೌಕ. ರೂಟ್ ಮಾಡಿ, ಅಂದರೆ ಫೋನಿನ ಒಳಬೀಗ ತೆಗೆದು, ಕನ್ನಡ ಫಾಂಟ್ ಹಾಕಿದೆ. ಅಕ್ಷರವೇನೋ ಬಂತು, ಆದರೆ 'ಚಿಕ್ಕಮಗಳೂರು' ಒಡೆದು 'ಚಿಕ್‌ಕಮಗಳೂರು' ಆಯ್ತು. ಒತ್ತು ಕೆಳಗಿಳಿಯಲೇ ಇಲ್ಲ. ನಮ್ಮ ಊರಿನ ಹೆಸರೇ ಸರಿಯಾಗಿ ಮೂಡದಿದ್ದಾಗ ತುಂಬಾ ಬೇಜಾರಾಯ್ತು.

ಒತ್ತು ಎಲ್ಲಿ ಕೂರಬೇಕು ಅಂತ ಲೆಕ್ಕ ಹಾಕುವುದು ಫಾಂಟ್ ಒಂದರ ಕೆಲಸ ಅಲ್ಲ. ಅದಕ್ಕೆ ಹಾರ್ಫ್‌ಬಜ್ ಅನ್ನುವ ಓಪನ್ ಸೋರ್ಸ್ ಲೈಬ್ರರಿ ಇದೆ, ಅಂದರೆ ಯಾರು ಬೇಕಾದರೂ ನೋಡಿ, ತಿದ್ದಿ, ತಮ್ಮ ಸಾಫ್ಟ್‌ವೇರ್‌ಗೆ ಸೇರಿಸಿಕೊಳ್ಳಬಹುದಾದ ಕೋಡ್. ಗೂಗಲ್, ಮೊಜಿಲ್ಲಾ, ರೆಡ್ ಹ್ಯಾಟ್‌ನಂಥ ಬೇರೆ ಬೇರೆ ಕಂಪನಿಯವರು ಅದಕ್ಕೆ ಕೋಡ್ ಬರೆದಿದ್ದಾರೆ. ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್ ಎಲ್ಲದರಲ್ಲೂ ಇರುವುದು ಅದೇ. 2012ರಲ್ಲಿ ಬಂದ ಆಂಡ್ರಾಯ್ಡ್ 4.1ರಲ್ಲಿ ಕನ್ನಡಕ್ಕೂ ಜಾಗ ಸಿಕ್ಕಿತು. ಆಮೇಲೆ ಈ ದೂರು ಹೊತ್ತು ಬರುವವರು ಕಡಿಮೆ ಆದರು. ಯಾವ ಕಂಪನಿಯೂ ಒಂಟಿಯಾಗಿ ಕನ್ನಡಕ್ಕೆ ಇಷ್ಟು ದುಡಿಯುತ್ತಿರಲಿಲ್ಲ ಅಂತ ನನ್ನ ನಂಬಿಕೆ. ನಮಗೆ ಲಾಭ ಇದು.

ಇನ್ನು ಈ ಕಂಪನಿಗಳು ಯಾಕೆ ಸೇರುತ್ತವೆ ಅಂದರೆ, ನಮ್ಮ ಕಡೆ ನಾಲ್ಕು ತೋಟಕ್ಕೆ ಒಂದೇ ಮಣ್ಣಿನ ರಸ್ತೆ ಇರುತ್ತದೆ ಅಲ್ವಾ? ಮಳೆಗಾಲ ಮುಗಿದ ಮೇಲೆ ಎಲ್ಲರೂ ಸೇರಿ ಜಲ್ಲಿ ಹಾಕಿಸುತ್ತಾರೆ. ಕಾಫಿ ಮಾರುವಾಗ ಅವರವರ ದರ ಅವರವರಿಗೆ. ಆಂಡ್ರಾಯ್ಡ್ ಕೂಡ ಹಾಗೇ. 2007ರ ನವೆಂಬರ್ 5ರಂದು ಅದಕ್ಕಾಗಿ ಓಪನ್ ಹ್ಯಾಂಡ್‌ಸೆಟ್ ಅಲಯನ್ಸ್ ಅನ್ನುವ ಕೂಟ ಶುರುವಾದಾಗ ಗೂಗಲ್, ಎಚ್‌ಟಿಸಿ, ಸ್ಯಾಮ್‌ಸಂಗ್, ಮೊಟೊರೊಲಾ, ಕ್ವಾಲ್‌ಕಾಮ್ ಸೇರಿ 34 ಕಂಪನಿ ಇದ್ದವು. ತಳದ ಓಎಸ್ ಒಂದೇ ಇದ್ದರೆ ಎಲ್ಲರಿಗೂ ಖರ್ಚು ಉಳಿಯುತ್ತದೆ. ಪೈಪೋಟಿ ಏನಿದ್ದರೂ ಕ್ಯಾಮೆರಾ, ಬ್ಯಾಟರಿ, ಬೆಲೆಯಲ್ಲಿ. ಗೂಗಲ್‌ಗೆ ಬೇಕಿದ್ದದ್ದು ತನ್ನ ಸರ್ಚ್, ಜಾಹೀರಾತು ಎಲ್ಲ ಫೋನಿಗೂ ತಲುಪುವುದು.

ಸೇರಿದವರೆಲ್ಲ ಗೆದ್ದಿಲ್ಲ. ನೋಕಿಯಾ, ಇಂಟೆಲ್ 2010ರಲ್ಲಿ ಮೀಗೋ ಅಂತ ಇನ್ನೊಂದು ಓಎಸ್ ಶುರು ಮಾಡಿದವು. ಮರುವರ್ಷವೇ ನೋಕಿಯಾ ವಿಂಡೋಸ್ ಫೋನ್ ಕಡೆ ಹೋಯ್ತು. ಮೊಜಿಲ್ಲಾದ ಫೈರ್‌ಫಾಕ್ಸ್ ಓಎಸ್ ಕೂಡ ನಿಂತುಹೋಯ್ತು, ಆದರೆ ಕೋಡ್ ತೆರೆದಿದ್ದರಿಂದ ಅದರಿಂದಲೇ ಕಾಯ್‌ಓಎಸ್ ಹುಟ್ಟಿತು. 2017ರ ಜಿಯೋಫೋನ್‌ನಲ್ಲಿ ಓಡಿದ್ದು ಅದೇ.

ಒಂದು ವಿಷಯ ಮಾತ್ರ ನೆನಪಿರಲಿ. ಪ್ಲೇ ಸ್ಟೋರ್, ಮ್ಯಾಪ್ಸ್ ಓಪನ್ ಸೋರ್ಸ್ ಅಲ್ಲ. ಚಿಪ್‌ನ ಎಷ್ಟೋ ಡ್ರೈವರ್‌ಗಳೂ (ಚಿಪ್ ಮತ್ತು ಓಎಸ್ ನಡುವೆ ಮಾತಾಡಿಸುವ ಕೋಡ್) ಅಲ್ಲ. ಅಪ್‌ಡೇಟ್ ನಿಂತ ಫೋನ್‌ಗೆ ಲೀನಿಯೇಜ್‌ಓಎಸ್ (ಆಂಡ್ರಾಯ್ಡ್‌ನ ತೆರೆದ ಕೋಡ್‌ನಿಂದ ಬೇರೆಯವರು ಮಾಡಿದ ಓಎಸ್) ಹಾಕಿಕೊಡಿ ಅಂತ ಬರುವವರನ್ನು ಎಷ್ಟೋ ಸಲ ವಾಪಸ್ ಕಳಿಸುವುದು ಈ ಡ್ರೈವರ್‌ಗಳ ಕಾರಣಕ್ಕೇ. ನಿಮ್ಮ ಹತ್ತಿರ ಹಳೇ ಫೋನ್ ಇದ್ದರೆ ಲೀನಿಯೇಜ್ ಪಟ್ಟಿಯಲ್ಲಿ ಅದರ ಮಾಡೆಲ್ ಇದೆಯಾ ಅಂತ ಮೊದಲು ನೋಡಿ. ಅದನ್ನು ಹಾಕಲು ಬೂಟ್‌ಲೋಡರ್ (ಫೋನ್ ಆನ್ ಆಗುವಾಗ ಓಎಸ್ ಎಬ್ಬಿಸುವ ಭಾಗ) ಅನ್‌ಲಾಕ್ ಮಾಡಿದರೆ ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಫೋಟೊಗಳನ್ನು ಮುಂಚೆಯೇ ತೆಗೆದಿಟ್ಟುಕೊಳ್ಳಿ.