ಸಿಸ್ಟರ್ ಹತ್ರ ಕೇಳಿ: ಅಧ್ಯಯನದ ಕೆಲಸ ಒಪ್ಪಿಕೊಳ್ಳಲಾ?

ಪ್ರಶ್ನೆ: ನಾನು ಒಂದು ಮೆಡಿಕಲ್ ಕಾಲೇಜು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಸ್ಟಾಫ್ ನರ್ಸ್. ಒಂಬತ್ತು ವರ್ಷದ ಸರ್ವೀಸ್. ಹೆರಿಗೆ ನಂತರದ ರಕ್ತಸ್ರಾವಕ್ಕೆ ಕೊಡುವ ಔಷಧದ ಬಗ್ಗೆ ನಮ್ಮಲ್ಲಿ ಒಂದು ಅಧ್ಯಯನ ಶುರುವಾಗುತ್ತಿದೆ. ಗರ್ಭಿಣಿಯರಿಗೆ ವಿಷಯ ತಿಳಿಸುವುದು, ಹರಿದ ರಕ್ತ ಅಳೆಯುವುದು, ಫಾರ್ಮ್ ತುಂಬುವುದು, ಈ ಎಲ್ಲಾ ಕೆಲಸಕ್ಕೂ ನನ್ನ ಹೆಸರು ಹಾಕುತ್ತೇವೆ ಅಂದಿದ್ದಾರೆ ಡಾಕ್ಟರ್. ಈಗಲೇ ವಾರ್ಡಿನಲ್ಲಿ ನೀರು ಕುಡಿಯಲೂ ಪುರುಸೊತ್ತಿಲ್ಲ. ಮೇಲಾಗಿ 'ನಮ್ಮ ಮೇಲೆ ಪ್ರಯೋಗ ಮಾಡ್ತೀರಾ' ಎಂದು ಜನ ಸಿಟ್ಟಾಗುತ್ತಾರೆ. ನಾನು ಆರೈಕೆ ಮಾಡಲು ಬಂದವಳು, ಕಾಗದ ತುಂಬಲು ಅಲ್ಲ. ಒಪ್ಪಿಕೊಳ್ಳಲಾ ಸಿಸ್ಟರ್?
– ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ಒಪ್ಪಿಕೊಳ್ಳಿ ತಂಗಿ. ಆದರೆ ಸುಮ್ನೆ ಹೂಂ ಅನ್ನಬೇಡಿ, ಕೆಲವು ವಿಷಯ ಕೇಳಿ ಒಪ್ಪಿಕೊಳ್ಳಿ.

ರಕ್ತ ಅಳೆಯುವುದನ್ನೂ ಕಾಗದದ ಕೆಲಸದ ಜೊತೆ ಸೇರಿಸಿದಿರಲ್ಲ, ಅದಕ್ಕೇ ನಿಮ್ಮ ಕಡೆಯದೇ ಆದ ಬೆಳಗಾವಿಯ ವಿಷಯ ಮೊದಲು ಹೇಳುತ್ತೇನೆ. 2002ರಿಂದ 2005ರವರೆಗೆ ಆ ಜಿಲ್ಲೆಯ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಹಳ್ಳಿಗಳಲ್ಲಿ ಒಂದು ಅಧ್ಯಯನ ನಡೆಯಿತು. ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜಿನ ಡಾಕ್ಟರುಗಳು ಅಮೆರಿಕದ ಸಂಶೋಧಕರ ಜೊತೆ ಸೇರಿ ಮಾಡಿದ್ದು. ಪರೀಕ್ಷೆ ಮಾಡಬೇಕಿದ್ದದ್ದು ಮಿಸೊಪ್ರೊಸ್ಟಾಲ್ ಮಾತ್ರೆಯನ್ನು. ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್ ಇಂಜೆಕ್ಷನ್ನನ್ನು ತಣ್ಣಗೆ ಇಡಬೇಕು. ಈ ಮಾತ್ರೆಗೆ ಫ್ರಿಜ್ಜೂ ಬೇಡ, ಸೂಜಿಯೂ ಬೇಡ. ಮನೆಯಲ್ಲಿ, ಉಪಕೇಂದ್ರದಲ್ಲಿ ಹೆರಿಗೆ ಮಾಡಿಸುತ್ತಿದ್ದ 25 ಎಎನ್‌ಎಂಗಳೇ, ಅಂದರೆ ಹಳ್ಳಿಯ ಸಹಾಯಕ ನರ್ಸ್‌ಗಳೇ, ಅದನ್ನು ಕೊಟ್ಟರು. 1620 ತಾಯಂದಿರು. ಅರ್ಧದಷ್ಟು ಜನಕ್ಕೆ ನಿಜವಾದ ಮಾತ್ರೆ, ಉಳಿದವರಿಗೆ ನೋಡಲು ಹಾಗೇ ಇರುವ, ಔಷಧವಿಲ್ಲದ ಮಾತ್ರೆ. ಯಾರಿಗೆ ಯಾವುದು ಎಂದು ಎಎನ್‌ಎಂಗೂ ಗೊತ್ತಿಲ್ಲ, ತಾಯಿಗೂ ಗೊತ್ತಿಲ್ಲ.

ಮಗು ಹುಟ್ಟಿದ ಕೂಡಲೇ ತಾಯಿಯ ಕೆಳಗೆ ಒಂದು ಪ್ಲಾಸ್ಟಿಕ್ ಹಾಳೆ ಹಾಸುತ್ತಿದ್ದರು. ಅದರ ತುದಿಯಲ್ಲಿ ಚೀಲ, ಚೀಲದ ಮೇಲೆ ಮಿಲಿಲೀಟರ್ ಗೆರೆ. ನಮ್ಮ ಕಾಲದಲ್ಲಿ ಬಟ್ಟೆ ನೋಡಿ, ಟ್ರೇ ನೋಡಿ, ಕೇಸ್ ಶೀಟಿನಲ್ಲಿ 'ಬ್ಲೀಡಿಂಗ್ ನಾರ್ಮಲ್' ಎಂದು ಬರೆದುಬಿಡುತ್ತಿದ್ದೆವು. ನಾನೂ ನೂರಾರು ಸಲ ಬರೆದಿದ್ದೇನೆ. ಅದೇ ಬೆಳಗಾವಿಯಲ್ಲಿ ಕಣ್ಣಂದಾಜನ್ನೂ ಈ ಚೀಲದ ಅಳತೆಯನ್ನೂ ಹೋಲಿಸಿ ನೋಡಿದಾಗ, ಕಣ್ಣಂದಾಜು ಸುಮಾರು ಮೂರನೇ ಒಂದು ಪಾಲು ಕಡಿಮೆ ತೋರಿಸಿತು. ಅರ್ಧ ಲೀಟರ್ ದಾಟಿದರೆ ಅಪಾಯ ಎನ್ನುವ ಕಡೆ ಮೂರನೇ ಒಂದು ಪಾಲು ತಪ್ಪಿದರೆ ಏನಾಗುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಮಾತ್ರೆ ತೆಗೆದುಕೊಂಡವರಲ್ಲಿ ನಡುಕ, ಜ್ವರ ಜಾಸ್ತಿ ಕಂಡಿತು. ಆದರೆ ಹೆಚ್ಚು ರಕ್ತಸ್ರಾವ ಆದವರು ಔಷಧವಿಲ್ಲದ ಮಾತ್ರೆಯ ಗುಂಪಿನಲ್ಲಿ ನೂರಕ್ಕೆ 12, ನಿಜವಾದ ಮಾತ್ರೆಯ ಗುಂಪಿನಲ್ಲಿ 6.4 ಮಾತ್ರ. 2006ರಲ್ಲಿ ಇದು 'ಲ್ಯಾನ್ಸೆಟ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ರಕ್ತಸ್ರಾವ ತಡೆಯಲೆಂದು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಈ ಮಾತ್ರೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಹಳ್ಳಿಯ ಮನೆಯಲ್ಲಿ ನೆಲದ ಮೇಲೆ ಕೂತು ಚೀಲದ ಗೆರೆ ನೋಡಿ ಬರೆದುಕೊಂಡವರು ನಮ್ಮ ಎಎನ್‌ಎಂಗಳು. ನೀವು ಮಾಡಬೇಕಾಗಿರುವುದೂ ಅದೇ ಕೆಲಸ ಅಲ್ವಾ?

ಇನ್ನು ಪ್ರಯೋಗ ಅನ್ನುವ ಭಯ. ಆ ಭಯಕ್ಕೆ ಕಾರಣವಿದೆ, ಅದನ್ನು ತಳ್ಳಿಹಾಕಬೇಡಿ. ನಾನು ಮೆಡಿಕಲ್ ವಾರ್ಡಿನಲ್ಲಿದ್ದಾಗ ಸಕ್ಕರೆ ಕಾಯಿಲೆಯ ಕಾಲಿನ ಹುಣ್ಣಿನ ಮೇಲೆ ಒಂದು ಅಧ್ಯಯನ ನಡೆಯುತ್ತಿತ್ತು. ಒಬ್ಬ ಅಜ್ಜಿ ಬೆಳಿಗ್ಗೆ ರೌಂಡ್ಸ್ ಹೊತ್ತಿನಲ್ಲಿ ಒಪ್ಪಿ, ಹೆಬ್ಬೆಟ್ಟು ಒತ್ತಿದ್ದರು. ರಾತ್ರಿ ನಾನು ಡ್ರೆಸ್ಸಿಂಗ್ ಬಿಚ್ಚುವಾಗ ಮೆಲ್ಲಗೆ ಅಂದರು: "ನಂಗೆ ಇದು ಬ್ಯಾಡ ಕಣವ್ವ. ಅಷ್ಟು ಜನ ಡಾಕ್ಟ್ರು ಸುತ್ತ ನಿಂತಿದ್ರು, ಹೆಂಗೆ ಇಲ್ಲ ಅನ್ನಲಿ?" ನಾನು ಅವರ ಮಂಚದ ಅಂಚಿಗೆ ಕೂತೆ. ಬೇಡ ಅಂದರೂ ಇದೇ ಮಂಚ, ಇದೇ ಔಷಧಿ, ಇದೇ ಡಾಕ್ಟರ್, ಯಾರೂ ಬೈಯುವುದಿಲ್ಲ ಎಂದು ಎರಡು ಸಲ ಹೇಳಿದೆ. ಬೆಳಿಗ್ಗೆ ಹ್ಯಾಂಡೋವರ್ ಮುಗಿಸಿ ಮನೆಗೆ ಹೋಗದೆ, ಡಾಕ್ಟರಿಗಾಗಿ ಕಾದು ವಿಷಯ ತಿಳಿಸಿದೆ. ಅವರು ಮರುಮಾತಿಲ್ಲದೆ ಹೆಸರು ತೆಗೆದರು. ಅಜ್ಜಿಯ ಹುಣ್ಣು ನಿಧಾನವಾಗಿ ಮಾಗಿತು. ಡಿಸ್ಚಾರ್ಜ್ ದಿನ ನನ್ನ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ.

ಆ 'ಬ್ಯಾಡ' ಬಂದದ್ದು ರಾತ್ರಿ ಡ್ರೆಸ್ಸಿಂಗ್ ಮಾಡುವವಳ ಹತ್ರ. ನೀವು ಈ ಕೆಲಸದಲ್ಲಿ ಇರಬೇಕು ಅನ್ನುವುದಕ್ಕೆ ನನಗೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ. ನಿಮ್ಮ ವಾರ್ಡಿನಲ್ಲಂತೂ ನೋವು ಬಂದಿರುವ ಹೆಂಗಸಿನ ಕೈಗೆ ಫಾರ್ಮ್ ಕೊಡಲು ಬಿಡಬೇಡಿ. ತಿಂಗಳ ತಪಾಸಣೆಗೆ ಬಂದಾಗಲೇ, ಗಂಡ, ಅತ್ತೆ, ತಾಯಿ ಜೊತೆಗಿರುವಾಗ, ಅವರ ಮಾತಿನಲ್ಲೇ ಹೇಳಿ. ನೀವು ವಿವರಿಸಬಹುದು, ಆದರೆ ಒಪ್ಪಿಗೆಯ ಹೊಣೆ ಸಂಶೋಧಕ ಡಾಕ್ಟರದ್ದು. ಓದಲು ಬಾರದವರಾದರೆ ಅಧ್ಯಯನಕ್ಕೆ ಸಂಬಂಧಪಡದ ಒಬ್ಬ ಸಾಕ್ಷಿ ಅಲ್ಲೇ ಇರಬೇಕು. ಔಷಧಗಳ ಪ್ರಯೋಗಕ್ಕೆ 2019ರ ಕೇಂದ್ರದ ನಿಯಮಗಳಿವೆ. ಪ್ರಯೋಗದಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ, ಪರಿಹಾರ ಎರಡೂ ಅದರಲ್ಲಿವೆ. ಗಂಭೀರ ತೊಂದರೆಯಾದರೆ ಸಂಶೋಧಕರು 24 ಗಂಟೆಯೊಳಗೆ ವರದಿ ಮಾಡಬೇಕು. ರಾತ್ರಿ ಎರಡಕ್ಕೆ ಅದನ್ನು ಮೊದಲು ಕಾಣುವವರು ನೀವೇ. ಹಾಗಾಗಿ ಯಾರಿಗೆ ಫೋನ್ ಮಾಡಬೇಕು ಎಂದು ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ.

ಪುರುಸೊತ್ತಿನ ಮಾತು ಬಹಳ ಮುಖ್ಯ. ಒಂದು ರಾತ್ರಿ ನಮ್ಮ ವಾರ್ಡಿನಲ್ಲಿ 34 ರೋಗಿಗಳು, ನಾವು ಇಬ್ಬರು. ಇನ್ನೊಂದು ಅಧ್ಯಯನಕ್ಕಾಗಿ ಎರಡು ಗಂಟೆಗೊಮ್ಮೆ ಟೆಂಪರೇಚರ್ ಬರೆಯಬೇಕಿತ್ತು. ನಡುವೆ ಒಬ್ಬರಿಗೆ ಉಸಿರಾಟ ಕೆಟ್ಟಿತು, ನಾವಿಬ್ಬರೂ ಅಲ್ಲೇ ಉಳಿದೆವು. ಬೆಳಗಿನ ಜಾವ ನಾನು ಖಾಲಿ ಬಿದ್ದ ಮೂರು ಕಾಲಂಗಳಿಗೆ ಅಂದಾಜಿನ ಮೇಲೆ ಅಂಕಿ ತುಂಬಿದೆ. ಮಧ್ಯಾಹ್ನ ನಿದ್ದೆ ಬರಲಿಲ್ಲ. ಸಂಜೆ ಹೋಗಿ ಹೇಳಿಬಿಟ್ಟೆ. ಡಾಕ್ಟರ್ ಹೇಳಿದಂತೆ ಆ ಮೂರಕ್ಕೂ ಒಂದೊಂದು ಗೆರೆ ಎಳೆದು, 'ನೋಡಿಲ್ಲ' ಎಂದು ಬರೆದು, ತಾರೀಖು ಹಾಕಿ ಸಹಿ ಮಾಡಿದೆ. ಅಂದಾಜಿನ ಅಂಕಿಯಿಂದ ನಾಳೆ ಯಾರಿಗೋ ತಪ್ಪು ಡೋಸ್ ಹೋಗಬಹುದಿತ್ತು ಎಂದು ಈಗಲೂ ಅನಿಸುತ್ತದೆ.

ಅದಕ್ಕೇ ಹೇಳುತ್ತಿದ್ದೇನೆ, ವಾರ್ಡ್ ಡ್ಯೂಟಿಯ ಮೇಲೆ ಇದನ್ನು ಹೇರಲು ಬಿಡಬೇಡಿ. ವಾರದಲ್ಲಿ ಇಷ್ಟು ಗಂಟೆ ಅಧ್ಯಯನಕ್ಕೆ, ಆ ಹೊತ್ತಿಗೆ ವಾರ್ಡಿಗೆ ಇನ್ನೊಬ್ಬರು ಎಂದು ಇನ್‌ಚಾರ್ಜ್ ಸಿಸ್ಟರ್ ಮುಂದೆಯೇ ಮಾತಾಡಿ, ಡ್ಯೂಟಿ ಪಟ್ಟಿಯಲ್ಲಿ ಬರೆಸಿಕೊಳ್ಳಿ. ಅಧ್ಯಯನವನ್ನು ಸರಿಯಾದ ಕ್ರಮದಲ್ಲಿ ಮಾಡುವುದು ಹೇಗೆಂದು ಕಲಿಸುವ ಜಿಸಿಪಿ ತರಬೇತಿ ಕೊಡಿಸಿ ಎನ್ನಿ. ಅಧ್ಯಯನದಲ್ಲಿ ಯಾರಿಗೆ ಯಾವ ಕೆಲಸ ಎಂದು ಬರೆದಿಡುವ ಡೆಲಿಗೇಷನ್ ಲಾಗ್‌ನಲ್ಲಿ ನಿಮ್ಮ ಹೆಸರಿನ ಮುಂದೆ ಯಾವ ಕೆಲಸ ಇದೆಯೋ ಅಷ್ಟನ್ನೇ ಮಾಡಿ. ಅಧ್ಯಯನ ಸರಿಯೇ ಎಂದು ಮೊದಲೇ ಪರಿಶೀಲಿಸುವ ನೈತಿಕ ಸಮಿತಿಯ ಒಪ್ಪಿಗೆ ಪತ್ರ, ಸಿಟಿಆರ್‌ಐ (ದೇಶದ ಪ್ರಯೋಗಗಳ ನೋಂದಣಿ ಪಟ್ಟಿ) ನೋಂದಣಿ ಸಂಖ್ಯೆ ಎರಡನ್ನೂ ತೋರಿಸಿ ಎಂದು ಕೇಳುವುದು ಉದ್ಧಟತನವಲ್ಲ. ಒಳ್ಳೆಯ ಡಾಕ್ಟರ್ ಖುಷಿಯಿಂದ ತೋರಿಸುತ್ತಾರೆ.

ಪ್ರಶ್ನೆ: ನಾನು ಬಿಎಸ್ಸಿ ನರ್ಸಿಂಗ್ ಮೂರನೇ ವರ್ಷ. ನರ್ಸ್‌ಗಳು ಯಾವಾಗಲೂ ಡಾಕ್ಟರುಗಳ ಅಧ್ಯಯನಕ್ಕೆ ಸಹಾಯ ಮಾಡುವುದಷ್ಟೇನಾ? ನಮ್ಮದೇ ಪ್ರಶ್ನೆ ಇಟ್ಟುಕೊಂಡು ಮಾಡಬಹುದಾ?
– ವಿದ್ಯಾರ್ಥಿನಿ, ಮಂಡ್ಯ

ಉತ್ತರ: ಖಂಡಿತ ಮಾಡಬಹುದು ಮಗಳೇ. ನೀನು ಓದುವ ನಾರ್ಟನ್ ಸ್ಕೋರ್ ಎಲ್ಲಿಂದ ಬಂತು ಗೊತ್ತಾ? ಡೊರೀನ್ ನಾರ್ಟನ್ ಎಂಬ ಇಂಗ್ಲೆಂಡಿನ ನರ್ಸ್, ಹಾಸಿಗೆ ಹಿಡಿದ ವೃದ್ಧರ ಬೆನ್ನಿನ ಹುಣ್ಣು ಯಾರಿಗೆ, ಯಾಕೆ ಆಗುತ್ತದೆ ಎಂದು ಹುಡುಕಿದರು. 1962ರಲ್ಲಿ ಇಬ್ಬರು ಜೊತೆಗಾರರೊಂದಿಗೆ ವರದಿ ತಂದರು. ಆ ಸ್ಕೋರಿನಲ್ಲಿ ರೋಗಿಯ ಸ್ಥಿತಿಯ ಐದು ವಿಷಯ, ಒಂದೊಂದಕ್ಕೆ ಹೆಚ್ಚೆಂದರೆ 4 ಅಂಕ, ಒಟ್ಟು 20. 14 ಅಥವಾ ಕಡಿಮೆ ಬಂದರೆ ಹುಣ್ಣಾಗುವ ಸಂಭವವಿದೆ ಎಂದರ್ಥ. ಹಾಸಿಗೆ ಪಕ್ಕ ನಿಂತವರಿಗೇ ಹುಟ್ಟುವ ಪ್ರಶ್ನೆ ಅದು.

ಕ್ಲಿನಿಕಲ್ ಪೋಸ್ಟಿಂಗ್‌ಗೆ ಹೋದಾಗ ಒಂದು ಸಣ್ಣ ನೋಟ್‌ಬುಕ್ ಜೇಬಿನಲ್ಲಿಟ್ಟುಕೋ. ಕ್ಯಾನುಲಾ (ಡ್ರಿಪ್ ಕೊಡುವ ನಳಿಕೆ) ಹಾಕಿದ ಕೈ ಯಾರದ್ದು ಬೇಗ ಊದುತ್ತದೆ, ಎಷ್ಟನೇ ದಿನಕ್ಕೆ ಎಂದು ಗಮನಿಸು. ರೋಗಿಯ ಹೆಸರು, ಐಪಿ (ಒಳರೋಗಿ) ನಂಬರ್ ಬರೆಯಬೇಡ. ನಾಲ್ಕನೇ ವರ್ಷದ ಪ್ರಾಜೆಕ್ಟಿಗೆ ಗೈಡ್ ಮೇಡಂ ಕೇಳಿದಾಗ ಆ ನೋಟ್‌ಬುಕ್ ಅವರ ಮುಂದಿಡು. ಪ್ರಾಜೆಕ್ಟ್ ಎಷ್ಟೇ ಚಿಕ್ಕದಿರಲಿ, ನೈತಿಕ ಸಮಿತಿಗೆ ಅರ್ಜಿ ಹಾಕಿ ಒಪ್ಪಿಗೆ ಬಂದ ಮೇಲೇ ಅಧ್ಯಯನ ಶುರು ಮಾಡು.