ಮಕ್ಕಳಿಗೆ ಕಪ್ಪೆ ಕೂಗಿನ ಬಗ್ಗೆ ಹೇಗೆ ಹೇಳಿಕೊಡೋದು?

ದಾವಣಗೆರೆಯಲ್ಲಿ ಮನೆ, ಪಕ್ಕದ ಖಾಲಿ ಸೈಟಿನಲ್ಲಿ ಮಳೆ ನೀರು ನಿಂತರೆ ರಾತ್ರಿಯೆಲ್ಲಾ ಕಪ್ಪೆಗಳ ವಟವಟ, ಏಳು ವರ್ಷದ ಮಗಳು "ಯಾಕೆ ಹಿಂಗೆ ಕೂಗ್ತಾವೆ" ಅಂತ ಕೇಳ್ತಾಳೆ, ಏನು ಹೇಳಲಿ ಅಂದಿದ್ದೀರಿ. ನಾನು ಚಿತ್ರದುರ್ಗದ ಕಡೆ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುವವಳು. ಚಿತ್ರ, ವಿಡಿಯೊ ಎಲ್ಲ ಆಮೇಲೆ ಇರಲಿ, ಮೊದಲು ಅವಳಿಗೆ ಕಿವಿಗೊಟ್ಟು ಕೇಳೋದನ್ನು ಕಲಿಸಿ.

ಕತ್ತಲಾದ ಮೇಲೆ ಸೈಟಿನ ಅಂಚಿಗೆ ಕರೆದುಕೊಂಡು ಹೋಗಿ. ಕಪ್ಪೆ ಇದ್ದ ಕಡೆ ಹಾವೂ ಬರುತ್ತೆ, ಹಾಗಾಗಿ ಬೂಟು, ಟಾರ್ಚು ಬೇಕೇ ಬೇಕು, ಹುಲ್ಲಿನೊಳಗೆ ಇಳಿಯಬೇಡಿ. ನೀವು ಹತ್ತಿರ ಹೋದ ತಕ್ಷಣ ಎಲ್ಲಾ ಗಪ್‌ಚುಪ್. ನಿಂತ ಜಾಗ ನೋಡಿಕೊಂಡು ಟಾರ್ಚ್ ಆರಿಸಿ, ಅಲ್ಲಾಡದೆ ಇರಿ. ಸ್ವಲ್ಪ ಹೊತ್ತಿಗೆ ಒಂದು ಶುರು ಮಾಡುತ್ತೆ, ಅದಕ್ಕೆ ಇನ್ನೊಂದು ದನಿಗೂಡಿಸುತ್ತೆ, ನೋಡನೋಡುತ್ತಾ ಇಡೀ ಸೈಟೇ ಕೂಗೋಕೆ ಹಿಡಿಯುತ್ತೆ. ಎಷ್ಟು ಥರದ ದನಿ ಇದೆ ಅಂತ ಆಗ ಕೇಳಿ. ಎಳೆದೆಳೆದು ಕುರ್ರ್ರ್ ಅನ್ನೋದು ನೆಲಗಪ್ಪೆ. ಟಕ್, ಟಕ್ ಟಕ್ ಅಂತ ಬಿಟ್ಟು ಬಿಟ್ಟು ಬಂದರೆ ಮರಗಪ್ಪೆ, ಬಚ್ಚಲುಮನೆ ಗೋಡೆಗೆ ಅಂಟಿಕೊಂಡು ಕೂರುತ್ತಲ್ಲ, ಅದೇ. ಜೀರುಂಡೆ ಇರಬೇಕು ಅನಿಸುವಂಥ ಕರ್ಕಶ ದನಿ ಹುಲ್ಲಿನ ಬುಡದಿಂದ ಬಂದರೆ ಅದು ಎರಡೇ ಎರಡು ಸೆಂಟಿಮೀಟರಿನ ಪುಟ್ಟ ಕಪ್ಪೆ. ಅದು ಕೂಗುವಾಗ ಗಂಟಲ ಕೆಳಗಿನ ಚೀಲ ಉಬ್ಬಿ ತಲೆಗಿಂತ ದೊಡ್ಡದಾಗುತ್ತೆ, ಟಾರ್ಚ್ ಬೆಳಕಲ್ಲಿ ಒಳಗಿನ ಗಾಳಿಯೇ ಕಾಣುತ್ತೇನೋ ಅನ್ನುವಷ್ಟು ತೆಳು.

ಮಕ್ಕಳಿಗೆ ಜಾಸ್ತಿ ಆಶ್ಚರ್ಯ ಆಗೋದು ಯಾವುದಕ್ಕೆ ಗೊತ್ತಾ? ಕಪ್ಪೆ ಬಾಯಿ ಮುಚ್ಚಿಕೊಂಡೇ ಕೂಗುತ್ತೆ ಅನ್ನೋದಕ್ಕೆ. ಶ್ವಾಸಕೋಶದ ಗಾಳಿ ಗಂಟಲು ದಾಟಿ ಚೀಲಕ್ಕೆ ಹೋಗುತ್ತೆ, ಅದೇ ಗಾಳಿ ಮತ್ತೆ ಒಳಗೆ ಬರುತ್ತೆ. ಮಗಳಿಗೆ ಬಾಯಿ ಮುಚ್ಚಿ, ಮೂಗು ಹಿಡಿದು "ಮ್ಮ್ಮ್" ಅನ್ನೋಕೆ ಹೇಳಿ. ಕೆನ್ನೆ ಉಬ್ಬುತ್ತೆ, ಅಷ್ಟರಲ್ಲೇ ದನಿ ನಿಲ್ಲುತ್ತೆ. ಕಪ್ಪೆಗೆ ಆ ಚೀಲ ಯಾಕೆ ಬೇಕು ಅಂತ ನೀವು ವಿವರಿಸಬೇಕಾಗೇ ಇಲ್ಲ.

ಇನ್ನು "ಯಾಕೆ". ಸಾಮಾನ್ಯವಾಗಿ ಕೂಗೋದು ಗಂಡು ಕಪ್ಪೆ, ತನ್ನ ಜಾತಿಯ ಹೆಣ್ಣನ್ನು ಕರೆಯೋಕೆ. ಇದನ್ನು ನಾನು ಆಟ ಆಡಿಸಿ ಹೇಳಿಕೊಡ್ತೀನಿ. ಓಣಿ ಮಕ್ಕಳನ್ನೆಲ್ಲಾ ಸೇರಿಸಿ, ಒಬ್ಬೊಬ್ಬರಿಗೆ ಒಂದೊಂದು ಕೂಗು ಕೊಡಿ, ಒಬ್ಬಳ ಕಣ್ಣಿಗೆ ಬಟ್ಟೆ ಕಟ್ಟಿ. ಎಲ್ಲರೂ ಒಟ್ಟಿಗೆ ಕೂಗುವಾಗ ಅವಳು "ಟಕ್ ಟಕ್" ಅನ್ನುವವನನ್ನೇ ಹುಡುಕಬೇಕು. ಆಮೇಲೆ ಎಲ್ಲರಿಗೂ ಒಂದೇ ಕೂಗು ಕೊಟ್ಟು ನೋಡಿ, ಯಾರ ಹತ್ತಿರ ಹೋಗಬೇಕು ಅಂತಲೇ ತಿಳಿಯಲ್ಲ. ಒಂದೊಂದು ಜಾತಿಗೆ ಒಂದೊಂದು ದನಿ ಯಾಕೆ ಅಂತ ಮಕ್ಕಳೇ ಹೇಳ್ತಾರೆ.

ನೀವು ಅದೃಷ್ಟವಂತರು ಬಿಡಿ. ನಿಮ್ಮ ಕಡೆ ಭದ್ರಾ ನಾಲೆ, ಭತ್ತದ ಗದ್ದೆ ಇದೆ. ನಮ್ಮ ಒಣನೆಲದಲ್ಲಿ ಎಷ್ಟೋ ಕಪ್ಪೆಗಳು ಬೇಸಿಗೆಯೆಲ್ಲಾ ಮಣ್ಣೊಳಗೆ ಹುದುಗಿದ್ದು ಮಳೆ ಬಿದ್ದ ಮೇಲೆ ಈಚೆ ಬರ್ತಾವೆ. ಹದ ಮಳೆಯಾದ ಮೇಲೆ ಗದ್ದೆ ಬದುವಿಗೆ ಹೋದರೆ ದೊಡ್ಡ ಗಂಡು ಕಪ್ಪೆ ಅರಿಶಿನ ಬಳಿದ ಹಾಗೆ ಹಳದಿಯಾಗಿ, ಗಂಟಲ ಎರಡೂ ಪಕ್ಕ ನೀಲಿ ಚೀಲ ಉಬ್ಬಿಸಿಕೊಂಡು ಕೂತಿರುತ್ತೆ. ಅದನ್ನು ತಪ್ಪದೆ ತೋರಿಸಿ.

ಹಿಡಿಯೋದು ಬೇಡ. ನೆಲಗಪ್ಪೆಯ ಕಣ್ಣಿನ ಹಿಂದಿನ ಗಂಟಿನಲ್ಲಿ ವಿಷ ಇರುತ್ತೆ, ಅಕಸ್ಮಾತ್ ಮುಟ್ಟಿದರೆ ಸೋಪು ಹಾಕಿ ಕೈ ತೊಳೆಸಿ. ಮುಟ್ಟಿದರೆ ನರುಲಿ ಆಗುತ್ತೆ ಅನ್ನೋದು ಮಾತ್ರ ಸುಳ್ಳು, ಅದು ವೈರಸ್‌ನಿಂದ ಬರೋದು.

ಇನ್ನೊಂದು ಮಾತು. ಸೊಳ್ಳೆ ಕಾಟ ಅಂತ ನಿಂತ ನೀರಿಗೆ ಸೀಮೆಎಣ್ಣೆ, ಸುಟ್ಟ ಆಯಿಲ್ ಸುರಿಯೋರು ಇರ್ತಾರೆ. ಕಪ್ಪೆ ಚರ್ಮದಿಂದಲೂ ಉಸಿರಾಡುತ್ತೆ, ಆ ಎಣ್ಣೆ ಗೊದಮೊಟ್ಟೆಗಳನ್ನೂ ಉಳಿಸಲ್ಲ. ಅಕ್ಕಪಕ್ಕದವರ ಹತ್ತಿರ ಈಗಲೇ ಮಾತಾಡಿಡಿ, ಹೋಗುವಾಗ ಮಗಳನ್ನೂ ಕರೆದುಕೊಂಡು ಹೋಗಿ.