ಟ್ರ್ಯಾಕ್ಟರಿನ ಏರ್ ಫಿಲ್ಟರ್ ಹರಿದಿದೆಯೇ, ಎಲ್ಲಾದರೂ ಗಾಳಿ ಸೋರುತ್ತಿದೆಯೇ ಎಂದು ತಿಳಿಯುವುದು ಹೇಗೆ?

ರಾಶಿಯ ಹಂಗಾಮು ಮುಗಿದ ಮೇಲೆ ನಿಮ್ಮ ಟ್ರ್ಯಾಕ್ಟರು ಎಂಜಿನ್ ಆಯಿಲ್ ಹೆಚ್ಚು ಕುಡಿಯುತ್ತಿದೆ, ಮೆಕ್ಯಾನಿಕ್ ಏರ್ ಫಿಲ್ಟರಿನ ಮೇಲೆ ಸಂಶಯ ಪಟ್ಟಿದ್ದಾರೆ, ಆದರೆ ಫಿಲ್ಟರ್ ನೋಡಲು ಚೆನ್ನಾಗಿಯೇ ಇದೆ ಎಂದು ಬರೆದಿದ್ದೀರಿ. ನಾನು ಮೆಕ್ಯಾನಿಕ್ ಅಲ್ಲ. ಎರೆ ಭೂಮಿಯಲ್ಲಿ ಹದಿನೈದು ವರ್ಷಗಳಿಂದ ಟ್ರ್ಯಾಕ್ಟರ್ ನಡೆಸುತ್ತಾ, ಇದೇ ತಪ್ಪಿಗೆ ಒಮ್ಮೆ ಲೈನರ್ (ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಗವಚ) ಮತ್ತು ಪಿಸ್ಟನ್ ರಿಂಗುಗಳನ್ನು ಬದಲಿಸಿಕೊಂಡವನು. ಒಂದು ಲೀಟರ್ ಡೀಸೆಲ್ ಉರಿಯಲು ಕನಿಷ್ಠ 10,000 ಲೀಟರ್ ಗಾಳಿ ಬೇಕಾಗುವುದರಿಂದ, ಸೂಜಿಯ ಮೊನೆಯಷ್ಟು ತೂತಿನಿಂದಲೂ ಒಂದು ಹಂಗಾಮಿನಲ್ಲಿ ಸಾಕಷ್ಟು ಧೂಳು ಒಳಗೆ ಹೋಗುತ್ತದೆ; ಆ ಧೂಳು ರಿಂಗುಗಳನ್ನು ಸವೆಸಿದರೆ ಎಂಜಿನ್ ಆಯಿಲ್ ಕುಡಿಯತೊಡಗುತ್ತದೆ.

ಎಂಜಿನ್ ನಿಲ್ಲಿಸಿ, ಫಿಲ್ಟರಿಗಿಂತ ಮೊದಲು ಅದರಿಂದ ಎಂಜಿನ್ನಿಗೆ ಹೋಗುವ ಪೈಪನ್ನು ಬಿಚ್ಚಿ ನೋಡಿರಿ. ಫಿಲ್ಟರಿನ ಹೊರಮೈ ಎಷ್ಟು ಕೊಳೆಯಾಗಿದ್ದರೂ ಅದು ದೋಷವಲ್ಲ, ಧೂಳು ಹಿಡಿಯುವುದೇ ಅದರ ಕೆಲಸ. ಆದರೆ ಪೈಪಿನ ಒಳಗೆ ಬೆರಳಾಡಿಸಿದಾಗ ಧೂಳು ಅಂಟಿದರೆ ಎಲ್ಲೋ ಸೋರಿಕೆ ಇದೆ ಎಂಬುದು ಖಚಿತ. ಅನೇಕ ವೇಳೆ ಧೂಳು ಗೆರೆಯಂತೆ ಕಾಣುತ್ತದೆ; ಆ ಗೆರೆಯನ್ನು ಹಿಂಬಾಲಿಸಿದರೆ ಸೋರುವ ಜಾಗವೇ ಸಿಗುತ್ತದೆ.

ಫಿಲ್ಟರಿನ ಡಬ್ಬಿಯಲ್ಲಿ ಧೂಳು ಸೋಸುವ ಎಲಿಮೆಂಟುಗಳು ಒಂದರೊಳಗೊಂದು ಎರಡಿರುತ್ತವೆ. ಆಮೇಲೆ ಮಡಿಕೆ ಕಾಗದದ ಹೊರ ಎಲಿಮೆಂಟನ್ನು ತೆಗೆದು ಕತ್ತಲೆ ಕೋಣೆಗೆ ಒಯ್ದು, ಅದರೊಳಗೆ ಸಣ್ಣ ಎಲ್‌ಇಡಿ ಬಲ್ಬನ್ನು ಇಳಿಬಿಟ್ಟು ನಿಧಾನವಾಗಿ ತಿರುಗಿಸಬೇಕು. ಸರಿಯಾದ ಕಾಗದದಲ್ಲಿ ಮಂದವಾದ ಬೆಳಕು ಎಲ್ಲೆಡೆ ಒಂದೇ ಸಮನಾಗಿ ಕಾಣುತ್ತದೆ, ತೂತಿರುವಲ್ಲಿ ನಕ್ಷತ್ರದಂತೆ ಚುಕ್ಕಿ ಹೊಳೆಯುತ್ತದೆ. ಮಡಿಕೆಗಳ ಆಳವನ್ನೂ, ಕಾಗದವನ್ನು ಎರಡು ತುದಿಗಳ ಮುಚ್ಚಳಕ್ಕೆ ಅಂಟಿಸಿದ ಜಾಗವನ್ನೂ ತಪ್ಪದೆ ನೋಡಿರಿ; ನನ್ನದು ಬಿಟ್ಟುಕೊಂಡಿದ್ದು ಅಲ್ಲಿಯೇ. ಒಂದು ಚುಕ್ಕಿ ಕಂಡರೂ ಎಲಿಮೆಂಟ್ ಬದಲಿಸಬೇಕು, ಗಮ್ ಹಚ್ಚಿ ತೇಪೆ ಹಾಕುವ ವಿಷಯವಲ್ಲ ಅದು.

ಕಾಗದದಲ್ಲಿ ತೂತಿಲ್ಲದಿದ್ದರೆ ಎಲಿಮೆಂಟಿನ ತುದಿಯ ರಬ್ಬರ್ ಸೀಲನ್ನು ಒತ್ತಿ ನೋಡಿರಿ. ಅದು ಮೆತ್ತಗಿರಬೇಕು, ಕೂರುವ ಅಂಚಿನ ಗುರುತು ಅದರ ಮೇಲೆ ಸುತ್ತಲೂ ಸಮನಾಗಿ ಮೂಡಿರಬೇಕು. ಒಂದು ಕಡೆ ಗುರುತು ಮಸುಕಾಗಿದ್ದು ಅದನ್ನು ಧೂಳು ದಾಟಿದ್ದರೆ ಸೀಲ್ ಸರಿಯಾಗಿ ಕೂತಿಲ್ಲ, ಇಲ್ಲವೇ ಡಬ್ಬಿಯ ಅಂಚು ತಗ್ಗಾಗಿದೆ. ರಬ್ಬರ್ ಹೋಸನ್ನು ಕೈಯಿಂದ ಬಾಗಿಸಿದರೆ ಮಾತ್ರ ತಳಭಾಗದ ಬಿರುಕುಗಳು ಕಾಣುತ್ತವೆ. ಕ್ಲಾಂಪುಗಳನ್ನೂ, ಡಬ್ಬಿಯ ಕೆಳಗೆ ಧೂಳು ಉದುರಿಸುವ ರಬ್ಬರ್ ವಾಲ್ವನ್ನೂ ನೋಡಿರಿ; ವಾಲ್ವ್ ಹರಿದಿದ್ದರೆ ಧೂಳು ಹೊರಬೀಳದೆ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಸೋಪಿನ ನೀರು ಹಚ್ಚಿ ಗುಳ್ಳೆ ಕಾಯುವವರನ್ನು ಕಂಡಿದ್ದೇನೆ. ಟ್ಯೂಬಿನ ಪಂಕ್ಚರಿಗೆ ಆ ಉಪಾಯ ಸರಿ, ಆದರೆ ಎಂಜಿನ್ ಗಾಳಿಯನ್ನು ಒಳಕ್ಕೆ ಎಳೆಯುವ ಈ ಪೈಪಿನಲ್ಲಿ ಗುಳ್ಳೆ ಏಳುವುದೇ ಇಲ್ಲ.

ಇಷ್ಟು ಹೇಳಿದ ಮೇಲೆ ಕೇಳುತ್ತೇನೆ, ಫಿಲ್ಟರನ್ನು ನೀವು ಸ್ವಚ್ಛ ಮಾಡುವುದು ಹೇಗೆ? ನನ್ನ ಫಿಲ್ಟರ್ ಹಾಳಾದದ್ದು ಧೂಳಿನಿಂದಲ್ಲ, ಅದನ್ನು ಪ್ರತಿದಿನ ಟೈರಿಗೆ ಬಡಿದದ್ದರಿಂದ ಮತ್ತು ಪಂಕ್ಚರ್ ಅಂಗಡಿಯ ಗಾಳಿಯನ್ನು ಪೂರ್ಣ ಒತ್ತಡದಲ್ಲಿ ಬಿಟ್ಟದ್ದರಿಂದ. ಗಾಳಿ 30 ಪಿಎಸ್‌ಐ ಮೀರಬಾರದು, ನಳಿಕೆ ಕಾಗದಕ್ಕೆ ತಾಗಬಾರದು, ಒಳಗಿನಿಂದ ಹೊರಕ್ಕೆ ಮಾತ್ರ ಊದಬೇಕು. ಒಳ ಎಲಿಮೆಂಟನ್ನು ಊದುವುದೂ ಬೇಡ, ತೊಳೆಯುವುದೂ ಬೇಡ. ಹೊರ ಎಲಿಮೆಂಟ್ ಹರಿದಾಗ ಎಂಜಿನ್ನನ್ನು ಕಾಯುವುದಕ್ಕೆಂದೇ ಅದು ಇದೆ. ಅದರ ಮೇಲೆ ಧೂಳು ಕಂಡರೆ ಹೊರಗಿನದು ಸೋತಿದೆ ಎಂದು ತಿಳಿದು ಎರಡನ್ನೂ ಬದಲಿಸಿರಿ.

ಸೋರುವ ಜಾಗವನ್ನು ಸರಿಪಡಿಸಿದ ಮೇಲೆ ಪೈಪಿನ ಒಳಮೈಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ ಜೋಡಿಸಿರಿ. ಹತ್ತು ಗಂಟೆ ರೋಟವೇಟರ್ ಹೊಡೆದ ನಂತರ ಮತ್ತೆ ಬಿಚ್ಚಿ ಬೆರಳಾಡಿಸಿರಿ. ಆಗಲೂ ಧೂಳು ಬಂದರೆ ಇನ್ನೊಂದು ಕಡೆ ಸೋರುತ್ತಿದೆ. ಬರದಿದ್ದೂ ಆಯಿಲ್ ಕಡಿಮೆಯಾಗುತ್ತಲೇ ಇದ್ದರೆ ರಿಂಗುಗಳು ಆಗಲೇ ಸವೆದಿರಬಹುದು, ಸಿಲಿಂಡರಿನೊಳಗಿನ ಒತ್ತಡವನ್ನು ಅಳೆಯುವ ಕಂಪ್ರೆಷನ್ ಪರೀಕ್ಷೆ ಮಾಡಿಸಿರಿ.